ಗಿರಣಿ ಕಟ್ಟೆಯ ಮೇಲೆ ಪಾಸಾದ ಕಾಗದ

ನನ್ನ ಹಳೆಯ ಮೇಲ್ವಿಚಾರಕಿ ಬಾಯಿಯವರು ತೀರಿಕೊಂಡರೆಂದು ನನಗೆ ತಿಳಿದದ್ದು ದವಾಖಾನೆಯ ನೋಟಿಸ್ ಬೋರ್ಡಿನಿಂದ. ತಿಂಗಳ ವರದಿ ಕೊಡಲು ಹೋದಾಗ ಅಲ್ಲಿ ಒಂದು ಹಾಳೆ ಅಂಟಿಸಿದ್ದರು. ಮೇಲೆ ಅವರ ಹೆಸರಿತ್ತು. ಕೆಳಗೆ, "ಇಲಾಖೆಯಲ್ಲಿ ಸುದೀರ್ಘ ಸೇವೆ ಸಲ್ಲಿಸಿ ನಿವೃತ್ತಿ ಹೊಂದಿದ್ದ ಸದರಿಯವರು ದೈವಾಧೀನರಾದ ಪ್ರಯುಕ್ತ ಸಂತಾಪ ಸೂಚಕ ಸಭೆಯನ್ನು ಏರ್ಪಡಿಸಲಾಗಿದ್ದು, ಸಂಬಂಧಿಸಿದ ಸಿಬ್ಬಂದಿಯವರು ತಪ್ಪದೆ ಹಾಜರಿರತಕ್ಕದ್ದು" ಎಂದಿತ್ತು. ಯಾವ ದಿನ, ಎಷ್ಟು ಹೊತ್ತಿಗೆ ಎಂಬುದು ಎಲ್ಲಿಯೂ ಇರಲಿಲ್ಲ. ಒಳಗೆ ಹೋಗಿ ಈಗಿನ ಕಾರಕೂನರನ್ನು ಕೇಳಿದೆ. ಸಭೆ ನಿನ್ನೆಯೇ ಮುಗಿಯಿತು, ನೀವು ಬರಲಿಲ್ಲವಲ್ಲ ಎಂದು ಅವರೇ ನನ್ನನ್ನು ಕೇಳಿದರು.

ಬಾಯಿಯವರು ಬದುಕಿದ್ದರೆ ಆ ಹಾಳೆಯನ್ನು ಕಿತ್ತುಕೊಂಡು ಹೋಗಿ ಗಿರಣಿಯ ಮುಂದೆ ಓದಿಸುತ್ತಿದ್ದರು. ಅದೇನೆಂದು ಮುಂದೆ ಹೇಳುತ್ತೇನೆ.

ಮಕ್ಕಳೇ, ನೀವು ರಜೆಗೆ ಬಂದಾಗ ಅಜ್ಜಿ ಯಾಕೆ ಮಾತನಾಡುವುದಿಲ್ಲ ಎಂದು ನಿಮ್ಮ ಅವ್ವನನ್ನು ಕೇಳುತ್ತೀರಿ. ನಾನು ಹುಟ್ಟಿದಾಗಿನಿಂದ ಹೀಗೇ. ನಾಲ್ಕು ಜನರೆದುರು ನನ್ನ ಗಂಟಲು ಹಿಡಿದುಕೊಳ್ಳುತ್ತದೆ. ಆದರೆ ಬರೆಯಲು ಕುಳಿತರೆ ಹಿಡಿದುಕೊಳ್ಳುವುದಿಲ್ಲ. ಇದನ್ನು ನನಗೆ ಕೊಟ್ಟವರು ಬಾಯಿಯವರು. ಸಭೆಯಲ್ಲಿ ಅವರ ಬಗ್ಗೆ ಏನು ಹೇಳಿದರೋ ನಾನು ಕೇಳಲಿಲ್ಲ. ಕೇಳಿದ್ದರೂ ನಾನು ಎದ್ದು ಮಾತನಾಡುತ್ತಿರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಒಮ್ಮೆ ತಮ್ಮ ಹೆಸರು ಬರೆದು ಕೆಳಗೆ ಸಹಿ ಹಾಕಿದ್ದಕ್ಕೆ ಅವರು ಅನುಭವಿಸಿದ್ದು ಸಾಕು.

ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮ ಅವ್ವ ಇನ್ನೂ ಎದೆಹಾಲು ಕುಡಿಯುತ್ತಿದ್ದಳು. ನನ್ನ ತವರು ಮಣ್ಣೂರ. ಅಲ್ಲಿಯ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ್ದೆ, ಅಷ್ಟೇ ನನ್ನ ಓದು. ಆಗ ವಿಧವೆಯರನ್ನು ನರ್ಸಬಾಯಿ ತರಬೇತಿಗೆ ತೆಗೆದುಕೊಳ್ಳುತ್ತಿದ್ದರು. ನಮ್ಮ ಅಣ್ಣ ಕಲಬುರ್ಗಿಗೆ ಕರೆದುಕೊಂಡು ಹೋಗಿ ಸೇರಿಸಿ ಬಂದ. ತರಬೇತಿ ಮುಗಿದ ಮೇಲೆ ಜೇವರ್ಗಿ ಕಡೆಯ ಒಂದು ಊರಿಗೆ ಹಾಕಿದರು. ಬಸುರಿ ಬಾಣಂತಿಯರನ್ನು ನೋಡುವುದು, ಕೂಸುಗಳಿಗೆ ಲಸಿಕೆ ಹಾಕುವುದು, ಊರಲ್ಲಿ ಯಾವ ರೋಗ ಬಂದಿದೆ ಎಂದು ತಿಂಗಳಿಗೊಮ್ಮೆ ಬರೆದು ಕೊಡುವುದು ನನ್ನ ಕೆಲಸ. ಮೊದಲಿನ ಎರಡಕ್ಕೆ ನಾನು ಹೆದರಲಿಲ್ಲ. ಬರೆಯುವುದಕ್ಕೆ ಹೆದರಿದೆ.

ಸುತ್ತಲಿನ ಊರುಗಳ ನರ್ಸಬಾಯಿಯರ ಕೆಲಸ ನೋಡಲು ಒಬ್ಬ ಮೇಲ್ವಿಚಾರಕಿ ಇರುತ್ತಿದ್ದರು. ಅವರೇ ಬಾಯಿಯವರು. ಎತ್ತರದ ಆಳು, ಅಗಲ ಹೆಜ್ಜೆ. ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಸ್ಸಿಗೆ ಕಾಯದೆ ಹೊಲದ ದಾರಿ ಹಿಡಿದು ಬಂದುಬಿಡುತ್ತಿದ್ದರು. ದವಡೆಯಲ್ಲಿ ಯಾವಾಗಲೂ ಒಂದು ಅಡಕೆ ಚೂರು. ಅವರು ಮೇಜಿಗೆ ಕುಳಿತು ಬರೆದದ್ದನ್ನು ಆಗ ನಾನು ನೋಡಲಿಲ್ಲ. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಬರೆಯುವ ಪ್ರತಿ ಮಾತನ್ನೂ ಯಾರನ್ನೋ ಬೈಯುವ ಹಾಗೆ ಬಾಯಿಬಿಟ್ಟು ಹೇಳುತ್ತ ಬರೆಯುತ್ತಿದ್ದರು. ಹೊಗಳುವುದು ಅವರಿಗೆ ಗೊತ್ತಿರಲಿಲ್ಲ. ಅವರು ಬರುವ ದಿನ ನರ್ಸಬಾಯಿಯರೆಲ್ಲ ಹಿಂದಿನ ದಿನವೇ ಅತ್ತು ಮುಗಿಸಿರುತ್ತಿದ್ದೆವು.

ನನ್ನ ಮೊದಲ ವರದಿಯನ್ನು ನಾನು ಹಳೆಯ ಫೈಲು ನೋಡಿ ಬರೆದಿದ್ದೆ. "ಸದರಿ ಗ್ರಾಮದಲ್ಲಿ ಸಮೀಕ್ಷೆ ಕೈಗೊಳ್ಳಲಾಗಿ, ಒಟ್ಟಾರೆ ಪರಿಸ್ಥಿತಿಯು ಸಮಾಧಾನಕರವಾಗಿದ್ದು, ಕೆಲವು ಪ್ರಕರಣಗಳನ್ನು ಹೊರತುಪಡಿಸಿ ಅಗತ್ಯ ಕ್ರಮಗಳನ್ನು ಕೈಗೊಳ್ಳಲಾಗುತ್ತಿದೆ." ಬರೆದು ಮುಗಿಸಿದಾಗ ನನಗೇ ಹೆಮ್ಮೆಯಾಗಿತ್ತು. ನಾನೂ ಸರಕಾರದವಳಾದೆ ಅನಿಸಿತ್ತು.

ಬಾಯಿಯವರು ಅದನ್ನು ನಿಂತಲ್ಲೇ ಓದಿದರು. ನನ್ನ ರಟ್ಟೆ ಹಿಡಿದು ಊರ ಹಿಟ್ಟಿನ ಗಿರಣಿಗೆ ಕರೆದುಕೊಂಡು ಹೋದರು. ಕರೆಂಟು ಹೋಗಿತ್ತು. ಜೋಳದ ಬುಟ್ಟಿ ಇಟ್ಟುಕೊಂಡು ಹೆಂಗಸರು ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದರು. ಅವರ ಮುಂದೆ ನನ್ನನ್ನು ನಿಲ್ಲಿಸಿ ಓದು ಅಂದರು. ನಾನು ನೆಲ ನೋಡುತ್ತ ಓದಿದೆ. ಓದಿ ಮುಗಿದ ಮೇಲೆ ಬಾಯಿಯವರು ಸಿದ್ದಮ್ಮ ಎಂಬ ಕೂಲಿ ಹೆಂಗಸಿನ ಕಡೆ ತಿರುಗಿದರು.

"ಈಕಿ ಏನ್ ಓದಿದ್ಳು, ಹೇಳವಾ ನೋಡೋಣು."

ಸಿದ್ದಮ್ಮ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. "ಸಾಲಿ ಹುಡುಗರ ಪ್ರಾರ್ಥನಾ ಇರಬೇಕ್ರಿ" ಅಂದಳು.

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಾನು ಅಲ್ಲೇ ಭೂಮಿ ಬಿರಿಯಲಿ ಅಂದುಕೊಂಡೆ. ಬಾಯಿಯವರು ನಗಲಿಲ್ಲ. ಹಾಳೆಯನ್ನು ನನ್ನ ಕೈಗೆ ಕೊಟ್ಟರು.

"ಕಾಗದ ಒಂದ ಹೋಗ್ತದ ಬೇ. ಅದರ ಹಿಂದ ನೀ ಹೋಗೂದಿಲ್ಲ. ಅಲ್ಲಿ ನಿಂತು, ಹಂಗಲ್ರಿ ಸಾಹೇಬ್ರ, ಹಿಂಗ ಅಂತ ತಿಳಿಸಿ ಹೇಳಾಕ ನಿನಗ ಆಗ್ತದೇನು? ನೀ ಮಾತಾಡಿದ್ರ ಬಾಜೂಕ ಕುಂತಾಕಿಗೂ ಕೇಳ್ಸೂದಿಲ್ಲ. ಬಾಯಿ ಇದ್ದಾಕಿ ಹ್ಯಾಂಗ ಬರದ್ರೂ ನಡೀತದ. ನೀ ಮಾತ್ರ ಸಾಫ್ ಬರೀಬೇಕು."

ಅವತ್ತಿನಿಂದ ಅದೇ ಪದ್ಧತಿಯಾಯಿತು. ಯಾವ ನರ್ಸಬಾಯಿಯ ವರದಿಗೂ ಬಾಯಿಯವರು ಓದಿದ ಕೂಡಲೇ ಸಹಿ ಹಾಕುತ್ತಿರಲಿಲ್ಲ. ಗಿರಣಿ ಕಟ್ಟೆ ಆಗಬಹುದು, ಬಸ್ಸಿಗೆ ಕಾಯುವವರು ಆಗಬಹುದು, ವಿಷಯ ಗೊತ್ತಿಲ್ಲದ ಒಬ್ಬರ ಮುಂದೆ ಓದಿಸಬೇಕು. ಕೇಳಿದವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅವರು ಏನು ಹೇಳುತ್ತಾರೋ ಅದೇ ನೀನು ಬರೆದದ್ದು. "ನಾ ಹಂಗ ಬರದಿಲ್ರಿ" ಎಂದು ವಾದ ಮಾಡುವ ಹಾಗಿಲ್ಲ. ಅವರು ಹೇಳಿದ್ದು ಊರಲ್ಲಿ ಇದ್ದದ್ದಕ್ಕೆ ಸರಿಹೊಂದಿದರೆ ಕಾಗದ ಪಾಸು, ಅಲ್ಲೇ ಕಟ್ಟೆಯ ಮೇಲೆ ಸಹಿ. ಇಲ್ಲದಿದ್ದರೆ ಮತ್ತೆ ಬರೆಯಬೇಕು. ನಾನು ಎಷ್ಟು ಸಲ ಮತ್ತೆ ಬರೆದೆ ಎಂದು ಹೇಳಲು ಹೋಗುವುದಿಲ್ಲ. ಕಡೆಕಡೆಗೆ ಗಿರಣಿಯ ಹೆಂಗಸರೇ, "ನರ್ಸಬಾಯಿ, ಈ ತಿಂಗಳ ಏನ್ ಬರದೀರಿ, ಓದ್ರಿ ಕೇಳೋಣು" ಅನ್ನುತ್ತಿದ್ದರು.

ಇದನ್ನು ಎಲ್ಲಿ ಕಲಿತಿರಿ ಎಂದು ನಾನು ಒಮ್ಮೆ ಧೈರ್ಯ ಮಾಡಿ ಕೇಳಿದೆ. ಬಾಯಿಯವರು ಆಳಂದ ಕಡೆಯವರು, ಹಿರೋಳ್ಳಿಯ ಹತ್ತಿರದ ಒಂದು ಊರು. ಮನೆಯಲ್ಲಿ ಮರಾಠಿ, ಶಾಲೆಯಲ್ಲೂ ಮರಾಠಿ. ಕನ್ನಡದ ಅಕ್ಷರ ಕಲಿತದ್ದು ನೌಕರಿಗೆ ಸೇರಿದ ಮೇಲೆ. ಸೇರಿದ ಹೊಸದರಲ್ಲಿ ಮೇಲಿನ ಕಚೇರಿಯಿಂದ ಅವರಿಗೆ ಒಂದು ಮೆಮೊ ಬಂತಂತೆ. ಎಷ್ಟು ಓದಿದರೂ ತಿಳಿಯಲಿಲ್ಲ. ತಮಗೆ ಕನ್ನಡ ಬರುವುದಿಲ್ಲ, ನೌಕರಿ ಹೋಗುತ್ತದೆ ಎಂದು ಅತ್ತರಂತೆ. ಕೊನೆಗೆ ನಾಚಿಕೆ ಬಿಟ್ಟು ಹುಟ್ಟಾ ಕನ್ನಡದವರಾದ ಒಬ್ಬ ಹಿರಿಯ ಕಾರಕೂನರಿಗೆ ತೋರಿಸಿದರು. ಅವರು ಮೂಗಿನ ಮೇಲೆ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ, "ಇದು ನನಗೂ ತಿಳೀವಲ್ದು ತಾಯಿ, ಆದ್ರ ಭಾಳ ಚಂದ ಬರದಾರ" ಅಂದರಂತೆ.

"ಅವತ್ತಿಗೆ ನನ್ನ ಹೆದರಿಕಿ ಹೋತು ನೋಡು" ಎಂದು ಹೇಳಿ ಬಾಯಿಯವರು ಅಡಕೆ ಉಗುಳಿದ್ದರು.

ಈಗ ನಾರಿನ ವಿಷಯ ಹೇಳಬೇಕು. ನೀವು ಅದನ್ನು ನೋಡಿಲ್ಲ, ನೋಡುವುದೂ ಬೇಡ. ನಾರು ಎಂದರೆ ಒಂದು ಹುಳ. ಬಿಳಿ ದಾರದ ಹಾಗೆ ಉದ್ದವಾಗಿರುತ್ತದೆ. ಮನುಷ್ಯನ ಮೈಯೊಳಗೆ ಬೆಳೆದು ಕಾಲಲ್ಲಿ ಹುಣ್ಣು ಮಾಡಿ ಹೊರಗೆ ಬರುತ್ತದೆ. ಎಳೆದರೆ ತುಂಡಾಗಿ ಕಾಲು ಕೊಳೆಯುತ್ತದೆ. ದಿನಕ್ಕೆ ಇಷ್ಟಿಷ್ಟೇ ಕಡ್ಡಿಗೆ ಸುತ್ತುತ್ತ ತೆಗೆಯಬೇಕು. ತಿಂಗಳುಗಟ್ಟಲೆ ನಡೆಯಲಾಗುವುದಿಲ್ಲ. ಅದು ಬರುವುದು ನೀರಿನಿಂದ. ನಮ್ಮ ಊರಲ್ಲಿ ಒಂದು ದೊಡ್ಡ ಮೆಟ್ಟಿಲ ಬಾವಿ ಇತ್ತು. ಹೆಂಗಸರು ಕೆಳಗೆ ಇಳಿದು, ಮೊಣಕಾಲು ಮುಳುಗುವ ತನಕ ನೀರಲ್ಲಿ ನಿಂತು ಕೊಡ ತುಂಬುತ್ತಿದ್ದರು. ನಾರು ಎದ್ದ ಕಾಲು ಬೆಂಕಿ ಬಿದ್ದ ಹಾಗೆ ಉರಿಯುತ್ತದೆ. ತಣ್ಣೀರಲ್ಲಿ ಇಟ್ಟರೆ ಹಾಯೆನಿಸುತ್ತದೆ. ಅದಕ್ಕೆ ನಾರು ಎದ್ದವರೇ ಬಾವಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಆಗ ಹುಳ ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ. ಅದನ್ನು ಕುಡಿದವರಿಗೆ ಮುಂದಿನ ವರ್ಷ ನಾರು. ನಡುವೆ ಒಂದು ವರ್ಷ ಹೋಗುವುದರಿಂದ ಇದಕ್ಕೂ ಅದಕ್ಕೂ ಸಂಬಂಧ ಇದೆ ಎಂದು ಯಾರೂ ನಂಬುತ್ತಿರಲಿಲ್ಲ. ಅದೆಲ್ಲ ಮೈಯ ಉಷ್ಣ ಎನ್ನುತ್ತಿದ್ದರು.

ಬಾವಿಯ ಹತ್ತಿರ ಸರಕಾರದ ತಗಡಿನ ಫಲಕ ಒಂದಿತ್ತು. "ನಾರುಹುಣ್ಣು ಪೀಡಿತರು ಜಲಮೂಲಗಳ ಸಂಪರ್ಕದಿಂದ ದೂರವಿರತಕ್ಕದ್ದು." ಅದನ್ನು ಹಾಕಿ ಎಷ್ಟೋ ವರ್ಷವಾಗಿತ್ತು. ಬಾವಿ ಕಟ್ಟಿಸಿದ ಸಾಹುಕಾರನ ಹೆಸರು ಅಲ್ಲಿ ಬರೆದಿದೆ ಎಂದು ಊರಲ್ಲಿ ಬಹಳ ಮಂದಿ ತಿಳಿದಿದ್ದರು. ಬಾಯಿಯವರು ಕೆಮ್ಮಣ್ಣು ಕಲಸಿಕೊಂಡು ಬಂದು, ಪಕ್ಕದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ತಾವೇ ಬರೆದರು. "ಕಾಲಲ್ಲಿ ನಾರು ಎದ್ದವರು ಬಾವಿಗೆ ಇಳಿಯಬೇಡಿ. ನಿಮ್ಮ ಕೊಡ ಇಲ್ಲಿ ಇಡಿ, ಬೇರೆಯವರು ತುಂಬಿ ಕೊಡುತ್ತಾರೆ."

ಎರಡನೆಯ ಸಾಲು ಯಾಕೆ ಎಂದು ಕೇಳಿದೆ. ಇಳಿಯಬೇಡ ಅಂದರೆ ಆಕೆಯ ಮನೆಗೆ ನೀರು ತರುವವರು ಯಾರು, ಅದನ್ನು ಹೇಳದೆ ಬರೀ ಬೇಡ ಅಂದರೆ ಯಾರು ಕೇಳುತ್ತಾರೆ ಅಂದರು. ಓದಲು ಬಾರದವರಿಗೆ ದಿನಾ ಬೆಳಿಗ್ಗೆ ನಾನು ಅಲ್ಲಿ ನಿಂತು ಓದಿ ಹೇಳಬೇಕೆಂದು ಹೇಳಿದರು. ನಾಲ್ಕು ಜನರೆದುರು ನಾನು ಗಟ್ಟಿಯಾಗಿ ಮಾತನಾಡಿದ್ದು ಅದೇ ಮೊದಲು. ಬರೆದದ್ದನ್ನು ಓದುವಾಗ ಗಂಟಲು ಹಿಡಿಯಲಿಲ್ಲ.

ಗೋಡೆಯ ಬರಹದಿಂದ ಸ್ವಲ್ಪ ಕೆಲಸವಾಯಿತು, ಪೂರ್ತಿ ಆಗಲಿಲ್ಲ. ಬಾವಿಗೆ ಔಷಧ ಹಾಕಬೇಕು, ಮೆಟ್ಟಿಲು ಮುಚ್ಚಿ ಕಟ್ಟೆ ಕಟ್ಟಿ ರಾಟೆ ಹಾಕಬೇಕು. ಅದು ನಮ್ಮ ಕೈಯಲ್ಲಿ ಇರಲಿಲ್ಲ. ಆ ಬೇಸಿಗೆಗೆ ನಮ್ಮ ದವಾಖಾನೆಯ ಹಳ್ಳಿಗಳಲ್ಲಿ ನಾರು ಮುಗಿಯಿತು ಎಂದು ಬರೆದು ಕಳಿಸುವ ತಯಾರಿ ನಡೆದಿತ್ತು. ಡಾಕ್ಟರ್ ಸಾಹೇಬರಿಗೆ ಅದರಿಂದ ಒಳ್ಳೆಯ ಹೆಸರು ಬರುವುದಿತ್ತು. ಅದೇ ಬೇಸಿಗೆಯಲ್ಲಿ ನಮ್ಮ ಊರಲ್ಲಿ ಮನೆ ಬಿಟ್ಟು ಮನೆಗೆ ನಾರು ಎದ್ದಿತು. ಗಿರಣಿಯ ಸಿದ್ದಮ್ಮನಿಗೆ ಮೊಣಕಾಲಿನ ಸಂದಿಯಲ್ಲೇ ಎದ್ದು, ಕಾಲು ಮಡಚಿದ್ದು ಮಡಚಿದ ಹಾಗೇ ನಿಂತಿತು. ಕೂಲಿಗೆ ಹೋಗುವುದು ನಿಂತಿತು.

ನಾನು ಬಾಯಿಯವರಿಗೆ ಹೇಳಿ ಕಳಿಸಿದೆ. ಬಂದರು. ಊರೆಲ್ಲ ತಿರುಗಿ ಪ್ರತಿ ಕಾಲನ್ನೂ ತಾವೇ ಹಿಡಿದು ನೋಡಿದರು. ಆಮೇಲೆ ಸಿದ್ದಮ್ಮನ ಹೊಸ್ತಿಲಲ್ಲಿ ಕುಳಿತು ಬರೆದರು. ಅದರ ಮೊದಲಿನ ಸಾಲುಗಳು ನನಗೆ ಈಗಲೂ ಬಾಯಿಪಾಠ. "ಈ ಊರಲ್ಲಿ ನಾರು ಇದೆ. ನಾನೇ ನೋಡಿದೆ. ಜನ ಬಾವಿಗೆ ಇಳಿದು ನೀರು ತುಂಬುತ್ತಾರೆ, ಅದರಿಂದ ಬರುತ್ತಿದೆ. ಈ ಊರಿನ ನರ್ಸಬಾಯಿ ಇದನ್ನು ತಡಮಾಡದೆ ನನಗೆ ಹೇಳಿದಳು. ನಾನು ಇವತ್ತು ಡಾಕ್ಟರಿಗೆ ಹೇಳುತ್ತಿದ್ದೇನೆ. ಬಾವಿಗೆ ಔಷಧ ಬೇಕು. ತಡವಾದರೆ ಮುಂದಿನ ಬೇಸಿಗೆಗೆ ಇನ್ನೂ ಹೆಚ್ಚು ಜನಕ್ಕೆ ಬರುತ್ತದೆ." ಕೆಳಗೆ ಯಾರ ಮನೆ, ಯಾರಿಗೆ, ಯಾವ ಕಾಲು ಎಂದು ಬರೆದರು. ಗಿರಣಿಗೆ ಹೋಗಲಿಲ್ಲ. ಸಿದ್ದಮ್ಮನಿಗೇ ಓದಿ ಹೇಳಿ, ತಿರುಗಿ ಹೇಳು ಅಂದರು. ಆಕೆ ಗೋಡೆಗೆ ಒರಗಿಕೊಂಡೇ ಒಂದೂ ಬಿಡದೆ ಹೇಳಿದಳು. ಹೇಳಿ ಮುಗಿಸಿ, "ಇಷ್ಟು ತಿಳಿಯೂ ಹಂಗ ಬರದ ಮ್ಯಾಲ ಔಷಧ ಕೊಡಲಾರದ ಇರ್ತಾರೇನ್ರಿ" ಅಂದಳು. ಬಾಯಿಯವರು ಸಹಿ ಹಾಕಿದರು.

ಅವತ್ತೇ ನಾವಿಬ್ಬರೂ ದವಾಖಾನೆಗೆ ಹೋದೆವು. ಮೊದಲು ಓದಿದವರು ಕಾರಕೂನರು. ಅವರಿಗೆ ತಮ್ಮ ಬರವಣಿಗೆಯ ಬಗ್ಗೆ ದೊಡ್ಡ ಅಭಿಮಾನ. ಒಂದು ವಾಕ್ಯವನ್ನು ಶುರು ಮಾಡಿದರೆ ಹಾಳೆಯ ಬುಡದ ತನಕ ಎಳೆಯುತ್ತಿದ್ದರು.

"ಏನ್ ಬಾಯಾರ, ಇದು ಸರಕಾರಿ ಕಾಗದಾನೋ, ಮೂರನೇತ್ತೆ ಹುಡುಗರ ಪಾಠಾನೋ?"

"ಮೂರನೇತ್ತೆ ಹುಡುಗರಿಗೆ ತಿಳೀತದಲ್ರಿ, ಅಷ್ಟ ಸಾಕು" ಎಂದರು ಬಾಯಿಯವರು.

ಡಾಕ್ಟರ್ ಸಾಹೇಬರು ಕೆಟ್ಟವರಾಗಿರಲಿಲ್ಲ. ನಮ್ಮನ್ನು ಕೂರಿಸಿ ಚಹಾ ತರಿಸಿದರು. ನಾರು ಇಲ್ಲ ಎಂದು ಬರೆಯಿರಿ ಅಂತ ಅವರು ಹೇಳಲಿಲ್ಲ. ಅದನ್ನು ನಾನು ನ್ಯಾಯವಾಗಿ ಹೇಳಬೇಕು. ಬೇರೆ ರೀತಿಯಲ್ಲಿ ಬರೆಯಿರಿ ಅಂದರು. "ಕೆಲವು ಸಂಶಯಾಸ್ಪದ ಪ್ರಕರಣಗಳು ಗಮನಕ್ಕೆ ಬಂದಿದ್ದು ಪರಿಶೀಲನೆಯಲ್ಲಿವೆ" ಅಂದರೆ ಸುಳ್ಳೂ ಆಗುವುದಿಲ್ಲ, ಯಾರಿಗೂ ತೊಂದರೆಯೂ ಇಲ್ಲ. ಔಷಧವನ್ನು ಆಮೇಲೆ ಹೇಗಾದರೂ ತರಿಸೋಣ. ಬಾಯಿಯವರು ಚಹಾ ಬಸಿಯಲ್ಲಿ ಹಾಕಿಕೊಂಡು ಆರಿಸುತ್ತ ಕೇಳಿದರು. ಕುಡಿದು ಮುಗಿಸಿ ಬಸಿ ಕೆಳಗಿಟ್ಟರು.

"ಸಾಹೇಬ್ರ, ನಾ ಇದನ್ನ ಹಂಗ ಬರದ್ರ, ಓದಿದವ್ರು ಔಷಧ ಕಳಸ್ತಾರೇನ್ರಿ?"

ಸಾಹೇಬರು ಕಾಗದವನ್ನು ಕಾರಕೂನರ ಕಡೆ ಸರಿಸಿದರು.

ಕಾಗದ ಇದ್ದ ಹಾಗೇ ಮೇಲೆ ಹೋಯಿತು. ಆದರೆ ಒಂಟಿಯಾಗಿ ಹೋಗಲಿಲ್ಲ. ಅದರ ಮೇಲೆ ಕಾರಕೂನರ ಒಂದು ಹಾಳೆ ಪಿನ್ನು ಚುಚ್ಚಿಕೊಂಡು ಹೋಯಿತು. ಮೇಲಿನ ಹಾಳೆಯಲ್ಲಿ ವಿಷಯ ಪರಿಶೀಲನೆಯಲ್ಲಿದೆ, ಮುಂದಿನ ಆದೇಶ ನಿರೀಕ್ಷಿಸಲಾಗಿದೆ ಎಂದಿತ್ತು. ಮೇಲಿನವರು ಮೇಲಿನ ಹಾಳೆ ಓದಿದರು. ಔಷಧ ಬರಲಿಲ್ಲ. ಬಾಯಿಯವರು ಮತ್ತೆ ಬರೆದರು, ಮತ್ತೆ ಬರೆದರು. ಪ್ರತಿ ಸಲವೂ ಅದರ ಮೇಲೆ ಒಂದು ಹಾಳೆ ಕುಳಿತು ಹೋಯಿತು. ಮಳೆಗಾಲ ಬಂತು, ಹೋಯಿತು. ಜನ ಅದೇ ನೀರು ಕುಡಿದರು. ಮುಂದಿನ ಬೇಸಿಗೆಯಲ್ಲಿ ಬಾಯಿಯವರು ಬರೆದಂತೆಯೇ ಆಯಿತು. ಊರ ಹೊರಗಿನ ಓಣಿಯಲ್ಲಿ ನೀರು ತರಲು ಎದ್ದು ನಿಲ್ಲುವ ಹೆಂಗಸರೇ ಇಲ್ಲದ ಮನೆಗಳು ಆದವು.

ಆಗ ಹೊರಗಿನಿಂದ ಒಂದು ತಂಡ ಬಂತು. ನಾರು ಮುಗಿದಿದೆ ಎಂದು ಎಲ್ಲೆಲ್ಲಿ ಬರೆದಿದ್ದರೋ ಅಲ್ಲೆಲ್ಲ ನೋಡಿಕೊಂಡು ಹೋಗುವವರು. ನಮ್ಮ ದವಾಖಾನೆಯ ಹೆಸರೂ ಆ ಪಟ್ಟಿಯಲ್ಲಿತ್ತು. ನಮ್ಮ ಊರನ್ನು ನೋಡಿದರು. ಆಮೇಲೆ ವಿಚಾರಣೆ.

ಮೊದಲು ಮಾತು ಬಂದದ್ದು ನನ್ನ ಮೇಲೆ. ಊರಲ್ಲಿ ಇರುವವಳು ನರ್ಸಬಾಯಿ, ಆಕೆಯೇ ಮುಚ್ಚಿಟ್ಟಿರಬೇಕು ಎಂದು. ಹಾಗೆ ಹೇಳುವುದು ಎಲ್ಲರಿಗೂ ಸುಲಭವಿತ್ತು. ಬಾಯಿ ಇಲ್ಲದ ವಿಧವೆ, ಹಿಂದೆ ಮುಂದೆ ಯಾರೂ ಇಲ್ಲ. ಕೆಲಸದಿಂದ ತೆಗೆಯುತ್ತಾರೆ ಎಂದು ಊರಲ್ಲೆಲ್ಲ ಸುದ್ದಿ. ನಿಮ್ಮ ಅವ್ವ ಆಗ ಹೈಸ್ಕೂಲಿಗೆ ಹೋಗುತ್ತಿದ್ದಳು. ನಾಳೆಯಿಂದ ಏನು ಮಾಡಲಿ ಎಂದು ರಾತ್ರಿಯೆಲ್ಲ ಎದ್ದು ಕುಳಿತೆ.

ವಿಚಾರಣೆಯ ದಿನ ನಮ್ಮನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿದ್ದರು. ಮೇಲಿನಿಂದ ಬಂದ ಅಧಿಕಾರಿ ಫೈಲು ತಿರುವುತ್ತಿದ್ದರು. ನನ್ನನ್ನು ಎಬ್ಬಿಸಿ ಏನೋ ಕೇಳಿದರು. ನನಗೆ ಮಾತು ಹೊರಡಲಿಲ್ಲ. ಆಗ ಬಾಯಿಯವರು ಕುಳಿತಲ್ಲಿಂದಲೇ, ಆಕೆಯ ಬಗ್ಗೆ ನನ್ನ ಕಾಗದದ ಮೊದಲ ಸಾಲುಗಳಲ್ಲೇ ಇದೆ, ಓದಿರಿ ಅಂದರು. ಅಧಿಕಾರಿ ಮೇಲಿನ ಹಾಳೆ ಸರಿಸಿ ಕೆಳಗಿನದನ್ನು ಓದಿದರು. "ಈ ಊರಿನ ನರ್ಸಬಾಯಿ ಇದನ್ನು ತಡಮಾಡದೆ ನನಗೆ ಹೇಳಿದಳು." ನನ್ನನ್ನು ಕುಳಿತುಕೊಳ್ಳಲು ಹೇಳಿದರು. ಅಷ್ಟೇ. ಆ ಒಂದು ಸಾಲಿನ ಮೇಲೆ ನಾನು ಇವತ್ತಿನ ತನಕ ಅನ್ನ ತಿನ್ನುತ್ತಿದ್ದೇನೆ. ನಿಮ್ಮ ಅವ್ವ ಓದಿದ್ದು, ಮದುವೆಯಾದದ್ದು ಅದರ ಮೇಲೆಯೇ.

ಆದರೆ ಅಧಿಕಾರಿ ಓದುವುದನ್ನು ಅಲ್ಲಿಗೆ ನಿಲ್ಲಿಸಲಿಲ್ಲ.

"ಇಲ್ಲಿ 'ನಾನೇ ನೋಡಿದೆ' ಎಂದು ಬರೆದಿದ್ದೀರಿ. ಹೋದ ಬೇಸಿಗೆಯಲ್ಲೇ ನೋಡಿದಿರಾ?"

"ನೋಡೇನ್ರಿ."

"ಮುಂದಿನ ಬೇಸಿಗೆಗೆ ಹೆಚ್ಚಾಗುತ್ತದೆ ಎಂಬುದೂ ನಿಮಗೆ ಗೊತ್ತಿತ್ತು."

"ಗೊತ್ತಿತ್ರಿ. ಬರದೇನಲ್ರಿ."

"ಗೊತ್ತಿದ್ದು ಏನು ಕ್ರಮ ತೆಗೆದುಕೊಂಡಿರಿ?"

"ಬರದೆ."

"ಬರೆಯುವುದು ಕ್ರಮ ಅಲ್ಲ" ಎಂದರು ಅಧಿಕಾರಿ.

ಅವರು ಉಳಿದವರ ಕಾಗದಗಳನ್ನೂ ಓದಿದರು. ಎಲ್ಲದರಲ್ಲೂ ಗಮನಕ್ಕೆ ಬಂದಿದೆ, ಪರಿಶೀಲಿಸಲಾಗುತ್ತಿದೆ, ಸೂಚಿಸಲಾಗಿದೆ. ಯಾರ ಗಮನಕ್ಕೆ ಬಂತು, ಯಾರು ಪರಿಶೀಲಿಸಿದರು, ಯಾರಿಗೆ ಯಾರು ಸೂಚಿಸಿದರು? ಒಂದರಲ್ಲೂ ಮನುಷ್ಯರೇ ಇರಲಿಲ್ಲ. ಹೊಗೆಯನ್ನು ಕೈಯಲ್ಲಿ ಹಿಡಿಯುವುದು ಹೇಗೆ? ಅಷ್ಟು ದೊಡ್ಡ ಫೈಲಿನಲ್ಲಿ 'ನಾನು' ಎಂದು ಬರೆದವರು ಒಬ್ಬರೇ. ಹಿಡಿಯಲು ಸಿಕ್ಕವರೂ ಅವರೊಬ್ಬರೇ. ಡಾಕ್ಟರ್ ಸಾಹೇಬರಿಗೆ ಏನೂ ಆಗಲಿಲ್ಲ. ಕಾರಕೂನರಿಗೆ ಮುಂದೆ ಬಡ್ತಿ ಸಿಕ್ಕಿತು. ವಿಷಯ ತಿಳಿದಿದ್ದೂ ನಿರ್ಲಕ್ಷ್ಯ ತೋರಿದರೆಂದು ಬಾಯಿಯವರ ಇನ್‌ಕ್ರಿಮೆಂಟ್ ನಿಲ್ಲಿಸಿ, ಅವರನ್ನು ಜಿಲ್ಲೆಯ ಇನ್ನೊಂದು ತುದಿಗೆ ಹಾಕಿದರು. ಆ ಆದೇಶ ಎಷ್ಟು ಉದ್ದವಾಗಿತ್ತೆಂದರೆ ತಮ್ಮನ್ನು ಎಲ್ಲಿಗೆ ಹಾಕಿದ್ದಾರೆಂದು ಹುಡುಕಲು ಬಾಯಿಯವರು ಅದನ್ನು ಎರಡು ಸಲ ಓದಬೇಕಾಯಿತು.

ಜೇವರ್ಗಿ ಬಸ್ ನಿಲ್ದಾಣಕ್ಕೆ ಅವರನ್ನು ಬೀಳ್ಕೊಡಲು ನಾನೊಬ್ಬಳೇ ಹೋಗಿದ್ದೆ. ಟ್ರಂಕಿನ ಮೇಲೆ ಕುಳಿತಿದ್ದರು. ನಾನು ಅಳುತ್ತಿದ್ದೆ.

"ಬಾಯಾರ, ಒಂದೀಟು ಅವ್ರು ಹೇಳಿದಂಗ ಬರದಿದ್ರ ನಡೀತಿತ್ತಲ್ರಿ" ಅಂದೆ.

"ಹಂಗ ಬರದಿದ್ರ ನಿನ್ನ ಸಾಲೂ ಅದರಾಗ ಮುಳುಗತಿತ್ತು ಬೇ" ಅಂದರು. ಬಸ್ಸು ಬಂತು. ಹತ್ತುವಾಗ ತಿರುಗಿ, "ಕಣ್ಣ ಒರಸ್ಕೋ. ಬಾವೀ ಕಡೆ ಓದೂದು ಬಿಡಬ್ಯಾಡ" ಅಂದರು.

ವಿಚಾರಣೆಯಾದ ಮೇಲೆ ಔಷಧ ಬಂತು. ಮೆಟ್ಟಿಲು ಮುಚ್ಚಿದರು, ಕಟ್ಟೆ ಕಟ್ಟಿದರು, ರಾಟೆ ಹಾಕಿದರು. ಕೆಲವು ವರ್ಷಗಳಲ್ಲಿ ನಾರು ನಿಂತೇಹೋಯಿತು. ಕಟ್ಟೆಗೆ ಒಂದು ಕಲ್ಲು ಕೂರಿಸಿದರು. ಯಾರ ಅಮೃತ ಹಸ್ತದಿಂದ, ಯಾರ ಘನ ಉಪಸ್ಥಿತಿಯಲ್ಲಿ ಎಂದೆಲ್ಲ ಅದರಲ್ಲಿದೆ. ಬಾವಿಯಲ್ಲಿ ಏನಾಗಿತ್ತು ಎಂದು ಇಲ್ಲ. ಆ ಸಮಾರಂಭಕ್ಕೆಂದು ಪಕ್ಕದ ಗೋಡೆಗೆ ಸುಣ್ಣ ಹೊಡೆದಾಗ ಕೆಮ್ಮಣ್ಣಿನ ಅಕ್ಷರ ಹೋದವು. ಸಿದ್ದಮ್ಮ ಕೊನೆಯ ತನಕ ಕುಂಟಿದಳು.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಬಾಯಿಯವರ ಬಗ್ಗೆ ಅರ್ಧ ಬರೆದು ಸಹಿ ಹಾಕಲಾಗುವುದಿಲ್ಲ.

ಅವರ ನೌಕರಿಯ ಕಡೆಯ ವರ್ಷಗಳಲ್ಲಿ ಅವರನ್ನು ಆಳಂದ ಕಡೆಗೆ ಹಾಕಿದ್ದರು. ಒಂದು ಲಗ್ನಕ್ಕೆ ಆ ಕಡೆ ಹೋದಾಗ ನಾನು ಹುಡುಕಿಕೊಂಡು ಅವರ ದವಾಖಾನೆಗೆ ಹೋದೆ. ಕೂದಲು ಬೆಳ್ಳಗಾಗಿತ್ತು. ಮೇಜಿನ ಹಿಂದೆ ಕುಳಿತಿದ್ದರು. ತೊಡೆಯ ಮೇಲೆ ಹಲಗೆ ಇರಲಿಲ್ಲ. ನನ್ನನ್ನು ನೋಡಿ ಸಂತೋಷಪಟ್ಟರು. ಚಹಾ ತರಿಸಿ, ನಿಮ್ಮ ಅವ್ವನ ಸುದ್ದಿ ಕೇಳಿದರು. ಅಷ್ಟರಲ್ಲಿ ಒಬ್ಬ ಎಳೆಯ ನರ್ಸಬಾಯಿ ವರದಿ ತಂದು ಮುಂದಿಟ್ಟಳು. ನನಗೆ ಎದುರಿನಿಂದಲೇ ಅಕ್ಷರ ಕಾಣಿಸಿತು. ಒಟ್ಟಾರೆ ಪರಿಸ್ಥಿತಿಯು ಸಮಾಧಾನಕರವಾಗಿದ್ದು. ಬಾಯಿಯವರು ಓದಲಿಲ್ಲ. ಸಹಿ ಹಾಕಿ ಕೊಟ್ಟರು.

ಆಕೆ ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ, ಗಿರಣಿಗೆ ಕಳಿಸಲಿಲ್ಲವೇ ಎಂದು. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

"ಆಕಿಗೆ ಎರಡು ಸಣ್ಣ ಮಕ್ಕಳು ಅದಾವ" ಅಂದರು. "ನಾ ಕಲಿಸಿಕೊಡ್ತೇನಿ, ನಾಳೆ ಆಕಿ 'ನಾ ನೋಡೇನಿ' ಅಂತ ಬರೀತಾಳ. ಆಮ್ಯಾಲ? ಆಕಿ ಸಲುವಾಗಿ ಒಂದ್ ಸಾಲು ಬರಿಯೂವ್ರು ಯಾರ್ ಅದಾರ? ನನಗ ಈಗ ಅಷ್ಟ ಕಸುವಿಲ್ಲ."

ಅವರು ಅಡಕೆ ತಿನ್ನುವು­ದನ್ನೂ ಬಿಟ್ಟಿದ್ದರು. ನಾನು ಬರುವಾಗ ಬಾಗಿಲ ತನಕ ಬಂದು, ಆ ಊರಿನ ಬಾವಿ ಈಗ ಹೇಗಿದೆ ಎಂದು ಕೇಳಿದರು. ರಾಟೆ ಹಾಕಿದ್ದಾರೆ ಅಂದೆ. ಅದೇ ಕಡೆಯ ಭೇಟಿ.

ಮಕ್ಕಳೇ, ನೀವು ನಾಳೆ ಒಂದು ನೌಕರಿಗೆ ಹೋಗುತ್ತೀರಿ. ಬರೆಯಬೇಕಾಗುತ್ತದೆ. ಇಂಥದೇ ರೀತಿಯಲ್ಲಿ ಬರೆಯಿರಿ ಎಂದು ಹೇಳಲು ನನಗೆ ಧೈರ್ಯ ಸಾಲುವುದಿಲ್ಲ. ತಿಳಿಯುವ ಹಾಗೆ ಬರೆದ ಒಂದು ಸಾಲು ಒಂದು ಮನೆಯನ್ನು ಉಳಿಸುತ್ತದೆ, ಅದು ನನಗೆ ಗೊತ್ತು. ಬರೆದವರ ಮನೆಯನ್ನು ಉಳಿಸುತ್ತದೆಯೇ ಎಂದು ಕೇಳಬೇಡಿ.

ಇಷ್ಟನ್ನು ಬರೆದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ಪಕ್ಕದ ಮನೆಯ ಶಾಂತಮ್ಮ ಬೇಳೆ ಹಸನು ಮಾಡುತ್ತ ಕಟ್ಟೆಯ ಮೇಲೆ ಕುಳಿತಿದ್ದಳು. ಆಕೆಗೆ ಬಾಯಿಯವರು ಯಾರೆಂದು ಗೊತ್ತಿಲ್ಲ. ಮೊದಲಿನಿಂದ ಓದಿ ಹೇಳಿದೆ. ಮೊರದಲ್ಲಿ ಕೈ ಆಡಿಸುತ್ತಲೇ ಕೇಳಿದಳು. ಮುಗಿದ ಮೇಲೆ, ಏನು ತಿಳಿಯಿತು, ತಿರುಗಿ ಹೇಳು ಅಂದೆ. ಬಾಯಿಯವರು ನನ್ನನ್ನು ಹೇಗೆ ಉಳಿಸಿದರು ಎಂದು ಆಕೆ ಹೇಳುತ್ತಾಳೆ, ಅವರು ಎಂಥ ದೊಡ್ಡವರು ಎಂದು ಹೇಳುತ್ತಾಳೆ ಎಂದುಕೊಂಡಿದ್ದೆ.

"ಒಬ್ಬಾಕಿ ಇದ್ದದ್ದ ಇದ್ದಂಗ ಬರದ್ಳು" ಅಂದಳು ಶಾಂತಮ್ಮ. "ಊರಿಗೆ ಛಲೋ ಆತು, ನಿಮಗೂ ಛಲೋ ಆತು. ಆಕೀದ ಕೆಟ್ಟಿತು. ಕಡೀಕ ಆಕೀನೂ ಎಲ್ಲಾರಂಗ ಬರಿಯೂದು ಕಲತ್ಳು." ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. "ಬರೋಬ್ಬರಿ ಹೇಳೇನಿಲ್ರಿ?"

ಹಾಗಲ್ಲ, ನಾನು ಹಾಗೆ ಬರೆದಿಲ್ಲ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ವಾದ ಮಾಡುವ ಹಾಗಿಲ್ಲವಲ್ಲ.

"ಬರೋಬ್ಬರಿ" ಅಂದೆ.

ಕಾಗದ ಪಾಸಾಯಿತು. ಸಹಿ ಹಾಕುವವರು ಮಾತ್ರ ಇಲ್ಲ.